ಬಿಳಿ ಕೀಗಳು ಅವೇ, ಸ್ಕೇಲ್ ಹೇಗೆ ಬದಲಾಗುತ್ತದೆ?

ಪ್ರಶ್ನೆ: ಕೀಬೋರ್ಡ್ ಕಲಿಯಲು ಶುರುಮಾಡಿ ಆರು ತಿಂಗಳಾಯಿತು. ಮೇಜರ್ ಸ್ಕೇಲ್ ಒಂದು ಬಂದರೆ ಉಳಿದವೆಲ್ಲ ಅದರಿಂದಲೇ ಹುಟ್ಟುತ್ತವೆ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಆದರೆ ಸಿ ಮೇಜರ್ ಸ್ವರಗಳನ್ನೇ, ಅಂದರೆ ಬಿಳಿ ಕೀಗಳನ್ನೇ, ಡಿಯಿಂದ ಡಿವರೆಗೆ ನುಡಿಸಿದರೆ ನನಗೆ ಹೊಸತೇನೂ ಕೇಳಿಸುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೆರಳು ಸರಿಯಾಗೇ ಇದೆ. ಕಿವಿ ಇನ್ನೂ ಸಿಯನ್ನೇ ಷಡ್ಜ (ಆಧಾರ ಸ್ವರ ‘ಸ’) ಅಂದುಕೊಂಡು ಕೂತಿದೆ, ಅಷ್ಟೆ. ಹೀಗೆ ಮಾಡಿ. ಆರ್ಗನ್ ಟೋನ್ ಹಾಕಿಕೊಳ್ಳಿ, ಪಿಯಾನೋ ಟೋನ್ ಆದರೆ ದನಿ ಬೇಗ ಆರಿಹೋಗುತ್ತದೆ. ಎಡಗೈಯಲ್ಲಿ ಕೆಳಗಿನ ಡಿ ಒತ್ತಿ ಹಿಡಿಯಿರಿ, ಬಿಡಲೇಬೇಡಿ, ತಂಬೂರಿಯ ಹಾಗೆ. ಬಲಗೈಯಲ್ಲಿ ಬಿಳಿ ಕೀಗಳನ್ನೇ ನಿಧಾನವಾಗಿ ಏರುತ್ತಾ ಹೋಗಿ, ಎಫ್ ಬಂದಾಗ ಸ್ವಲ್ಪ ನಿಂತು ಕೇಳಿ. ಗಾಂಧಾರ (ಮೂರನೇ ಸ್ವರ ‘ಗ’) ಇಳಿದಿದೆ, ಅಲ್ವಾ? ಪಾಶ್ಚಾತ್ಯರು ಇದನ್ನು ಡೋರಿಯನ್ ಅನ್ನುತ್ತಾರೆ, ನಮಗೆ, ಅಂದರೆ ಕರ್ನಾಟಕ ಸಂಗೀತದಲ್ಲಿ, ಇದು ಖರಹರಪ್ರಿಯ ರಾಗ.

ಇದೆಲ್ಲ ಅಂತರದ ಲೆಕ್ಕ. ಕಪ್ಪು ಬಿಳಿ ಎಲ್ಲ ಕೀ ಎಣಿಸಿದರೆ ಮೇಜರ್ ಸ್ಕೇಲಿನ ಹೆಜ್ಜೆಗಳು 2-2-1-2-2-2-1, ಅಂದರೆ ನಮ್ಮ 29ನೇ ಮೇಳ (ಏಳೂ ಸ್ವರಗಳಿರುವ ಮೂಲ ರಾಗ) ಧೀರಶಂಕರಾಭರಣ. ಡಿಯಿಂದ ಹೊರಟರೆ ಅದೇ ಸಾಲು 2-1-2-2-2-1-2 ಆಗುತ್ತದೆ. ಹೀಗೆ ಷಡ್ಜವನ್ನು ಸರಿಸುವುದಕ್ಕೆ ಗ್ರಹಭೇದ ಅಂತ ಹೆಸರು. ಇಯಿಂದ ಹನುಮತೋಡಿ, ಎಫ್‌ನಿಂದ ಮೇಚಕಲ್ಯಾಣಿ, ಜಿಯಿಂದ ಹರಿಕಾಂಭೋಜಿ, ಎಯಿಂದ ನಟಭೈರವಿ ಸಿಗುತ್ತವೆ. ಬಿಯಿಂದ ಮಾತ್ರ ಮೇಳ ಆಗುವುದಿಲ್ಲ, ಯಾಕಂದ್ರೆ ಅಲ್ಲಿ ಪಂಚಮಕ್ಕೆ (ಐದನೇ ಸ್ವರ ‘ಪ’) 7 ಹೆಜ್ಜೆ ಬೇಕು, ಎಫ್ 6ಕ್ಕೇ ನಿಂತುಬಿಡುತ್ತದೆ. ಒಂದು ಮಾತು, ಹೀಗೆ ಸಿಗುವುದು ಸ್ವರಗಳು ಮಾತ್ರ. ಗಮಕ, ಅಂದರೆ ಸ್ವರದ ಓಲಾಟ, ಇಲ್ಲದೆ ತೋಡಿ ತೋಡಿಯಾಗುವುದಿಲ್ಲ.

ಇನ್ನೊಂದು ದಾರಿಯೂ ಇದೆ, ಕಲಿಯುವವರಿಗೆ ನನ್ನ ಪ್ರಕಾರ ಇದೇ ಜಾಸ್ತಿ ಉಪಯೋಗ. ಷಡ್ಜವನ್ನು ಸಿಯಲ್ಲೇ ಇಟ್ಟು ಸ್ವರ ಬದಲಿಸಿ. 3, 6, 7ನೇ ಸ್ವರಗಳನ್ನು ಒಂದೊಂದು ಕೀ ಇಳಿಸಿದರೆ ನ್ಯಾಚುರಲ್ ಮೈನರ್, ಅದೇ ನಟಭೈರವಿ. ಅದರಲ್ಲಿ 7ನ್ನು ಮಾತ್ರ ವಾಪಸ್ ಏರಿಸಿ, ಹಾರ್ಮೋನಿಕ್ ಮೈನರ್ ಆಯಿತು, ನಮ್ಮ ಕೀರವಾಣಿ. 6ನ್ನೂ ಏರಿಸಿದರೆ ಗೌರಿಮನೋಹರಿ. ಮೇಜರ್‌ನಲ್ಲಿ 4, 7 ಬಿಟ್ಟರೆ ಮೋಹನ. ಯಾವುದನ್ನೂ ಬೇರೆಯಾಗಿ ಬಾಯಿಪಾಠ ಮಾಡಬೇಕಿಲ್ಲ.

ಇವತ್ತೇ ಕೂತು ಡಿ ಹಿಡಿದು ಮೊದಲು ಬಿಳಿ ಕೀಗಳನ್ನು ನುಡಿಸಿ, ಆಮೇಲೆ ಎಡಗೈ ಎತ್ತದೆ ಎಫ್ ಬದಲು ಎಫ್ ಶಾರ್ಪ್, ಸಿ ಬದಲು ಸಿ ಶಾರ್ಪ್ ಒತ್ತಿ ನೋಡಿ, ಖರಹರಪ್ರಿಯ ಹೋಗಿ ಶಂಕರಾಭರಣ ಬಂದಿರುತ್ತದೆ.