ಕಾಗದ ಇಲ್ಲದ ಸೆಕೆಂಡ್ ಹ್ಯಾಂಡ್ ಟ್ರೇಲರ್ ತೆಗೆದುಕೊಳ್ಳಬಹುದಾ?

ಲಕ್ಷ್ಮೇಶ್ವರದ ಕಡೆ ಎರಡು ಗಾಲಿಯ ಟ್ರೇಲರ್ ಕಡಿಮೆ ರೇಟಿಗೆ ಬಂದಿದೆ, ಕಾಗದ ಇಲ್ಲ, ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇದೆ. ಹೊಲದಿಂದ ಮನೆಗೆ, ಸುಗ್ಗಿಯಲ್ಲಿ ನಾಲ್ಕು ಸಲ ಕಡಲೆ ಹೇರಿಕೊಂಡು ಗದಗ ಎಪಿಎಂಸಿಗೆ, ಬರೀ ಒಕ್ಕಲುತನಕ್ಕೆ, ಅಷ್ಟೇ ಓಡಾಟ. ಟ್ರೇಲರ್ ಕಟ್ಟಿದರೆ ಲೈಸೆನ್ಸ್ ಬೇರೆ ಬೇಕಾ, ಪೊಲೀಸರು ಹಿಡಿಯುತ್ತಾರಾ? ಇದಲ್ವಾ ನಿಮ್ಮ ಪ್ರಶ್ನೆ? ಎಂಟು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಲೆಕ್ಕ ಹಾಕಿ ಒಂದು ಟ್ರೇಲರ್ ತಂದಿದ್ದೆ. ಪೊಲೀಸರು ಒಂದು ದಿನವೂ ಹಿಡಿಯಲಿಲ್ಲ.

ನಮ್ಮದು ಹಾವೇರಿ ತಾಲ್ಲೂಕು. ಬ್ಯಾಡಗಿ ಮಾರ್ಕೆಟ್ ಸೋಮವಾರ, ಗುರುವಾರ. ಸೋಮವಾರಕ್ಕೆ ಬೇಕು ಅಂದರೆ ಭಾನುವಾರ ರಾತ್ರಿಯೇ ಮೆಣಸಿನಕಾಯಿ ಹೇರಿಕೊಂಡು ಹೊರಡಬೇಕು. ಆವತ್ತು ಹೇರಿ ಮುಗಿಸುವಷ್ಟರಲ್ಲಿ ಒಂಬತ್ತು ಗಂಟೆ. ಟ್ರೇಲರ್ ಕಟ್ಟೋಣ ಅಂದರೆ ಪಿನ್ನು ಇಲ್ಲ. ಹಿಂದಿನ ದಿನ ರಂಟೆ ಹೊಡೆಯುವಾಗ ತೆಗೆದಿಟ್ಟದ್ದು ಎಲ್ಲಿ ಹೋಯಿತೋ. "ಅಣ್ಣಾ, ಪಿನ್ನು ಸಿಗವಲ್ದು" ಅಂತ ತಮ್ಮ ಕೂಗಿದ. "ಆ ದೊಡ್ಡ ಬೋಲ್ಟ್ ಹಾಕಿ ನಟ್ ಬಿಗಿ ಮಾಡೋ, ಬ್ಯಾಡಗಿ ಏನ್ ದೂರ ಐತೇನು" ಅಂದವನು ನಾನೇ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟ್ರ್ಯಾಕ್ಟರ್ ಹಿಂದೆ ಹುಕ್ಕಿಗೆ ಮೇಲೊಂದು, ಕೆಳಗೊಂದು ಪಟ್ಟಿ ಇರುತ್ತದೆ. ಟ್ರೇಲರ್ ಮೂತಿಯ ರಿಂಗು ಆ ಎರಡರ ನಡುವೆ ಕೂರುತ್ತದೆ. ಮೇಲಿಂದ ಇಳಿಸಿದ ಪಿನ್ನು ಮೂರನ್ನೂ ಹಿಡಿಯುತ್ತದೆ. ಪಿನ್ನು ಕೆಳಗೆ ನಿಲ್ಲೋದು ತನ್ನ ತೂಕದಿಂದ, ಮೇಲೆ ಹಾರದೇ ಇರೋದು ಕೆಳತುದಿಯ ತೂತಿಗೆ ಹಾಕುವ ಕ್ಲಿಪ್ಪಿನಿಂದ. ನನ್ನ ಬೋಲ್ಟು ಹುಕ್ಕಿನ ಪಟ್ಟಿಯ ತೂತಿಗಿಂತ ಸಣ್ಣದು. ಸಣ್ಣದಾದರೆ ಏನಾಗುತ್ತದೆ? ಬ್ರೇಕ್ ಹಾಕಿದಾಗ ಒಂದು ಏಟು, ಬಿಟ್ಟಾಗ ಒಂದು ಏಟು. ಸುತ್ತಿಗೆಯಲ್ಲಿ ಬಡಿದ ಹಾಗೆ. ಆ ಏಟಿಗೆ ನಟ್ಟು ಸುರುಳಿ ಬಿಚ್ಚುತ್ತಾ ಬರುತ್ತದೆ. ನಟ್ಟು ಬಿದ್ದಿದ್ದು ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ, ಗಾಡಿ ಎಳೆಯುತ್ತಲೇ ಇರುತ್ತದೆ. ಆಮೇಲೆ ಆ ಬೋಲ್ಟು ಸುಮ್ನೆ ತೂತಿನಲ್ಲಿ ನಿಂತ ಕಬ್ಬಿಣದ ತುಂಡು.

ಅದರ ಮೇಲೆ ಇನ್ನೊಂದು. ಎರಡು ಗಾಲಿಯ ಟ್ರೇಲರ್ ಅಂದರೆ ತಕ್ಕಡಿ ಇದ್ದ ಹಾಗೆ. ಭಾರ ಅಚ್ಚಿನ ಮುಂದೆ ಸ್ವಲ್ಪ ಜಾಸ್ತಿ ಇದ್ದರೆ ಮೂತಿ ಹುಕ್ಕನ್ನು ಒತ್ತಿಕೊಂಡು ಕೂರುತ್ತದೆ. ಹಿಂದೆ ಜಾಸ್ತಿಯಾದರೆ ಮೂತಿ ಮೇಲೇಳುತ್ತದೆ. ನಾವು ಮಾಡಿದ್ದು ಎರಡನೆಯದು. ಚೀಲ ಹಗುರ, ಹಿಂದಿನ ಬಾಗಿಲಿನ ಕಡೆಯಿಂದ ಹೇರುವುದು ಸುಲಭ, ಅಲ್ಲೇ ಎತ್ತರಕ್ಕೆ ಪೇರಿಸಿದೆವು. ರಿಂಗು ಮೇಲೆ ಜಿಗಿದಾಗೆಲ್ಲ ಬೋಲ್ಟನ್ನೂ ಮೇಲೆ ತಳ್ಳಿದೆ. ಕ್ಲಿಪ್ಪು ಇದ್ದಿದ್ದರೆ ತಳ್ಳಿದರೂ ಏನೂ ಆಗುತ್ತಿರಲಿಲ್ಲ. ಮೂವತ್ತು ರೂಪಾಯಿ ಕ್ಲಿಪ್ಪು.

ಮೋಟೆಬೆನ್ನೂರು ಹತ್ತಿರ ಹೈವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದೆ. ಒಂದು ಹಂಪ್ಸ್ ದಾಟಿದ ಕೂಡಲೇ ಟ್ರ್ಯಾಕ್ಟರ್ ಹಗುರಾಯಿತು. ಅದನ್ನು ಹೇಗೆ ಹೇಳಲಿ, ಎತ್ತು ನೊಗ ಕಳಚಿಕೊಂಡ ಹಾಗೆ ಮುಂದಕ್ಕೆ ಹಾರಿತು. ತಿರುಗಿ ನೋಡಿದರೆ ಟ್ರೇಲರ್ ಮೂತಿ ಆಕಾಶಕ್ಕೆ. ಹಿಂಭಾಗ ನೆಲಕ್ಕೆ ಉಜ್ಜುತ್ತಾ ಕಿಡಿ ಹಾರಿಸುತ್ತಾ ಎಡಕ್ಕೆ ಹೋಯಿತು. ಅಲ್ಲೊಂದು ಚಹಾದಂಗಡಿ. ಬೈಕ್ ನಿಲ್ಲಿಸಿಕೊಂಡು ಒಬ್ಬರು ನಿಂತಿದ್ದರು.

ಅವರ ಎಡಗಾಲು ಎರಡು ಕಡೆ ಮುರಿಯಿತು. ಚೀಲದ ಮೇಲೆ ಮಲಗಿದ್ದ ನನ್ನ ತಮ್ಮ ಚೀಲಗಳ ಜೊತೆಗೇ ಜಾರಿ ಬಿದ್ದ, ಮೆಣಸಿನಕಾಯಿ ಮೇಲೆ ಬಿದ್ದದ್ದರಿಂದ ಉಳಿದುಕೊಂಡ. ಹಿಂದೆ ಬಂದ ಗಾಡಿಗಳು ಒಡೆದ ಚೀಲಗಳ ಮೇಲೆ ಹತ್ತಿದವು. ಆ ಘಾಟು! ಗಾಯಾಳುವನ್ನು ಎತ್ತಲು ಬಂದವರೆಲ್ಲ ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ಎತ್ತಿದರು. ಯಾರು ಅಳುತ್ತಿದ್ದಾರೆ, ಯಾರಿಗೆ ಘಾಟು ಅಂತ ಗೊತ್ತಾಗುತ್ತಿರಲಿಲ್ಲ.

ಕೇಸ್ ಆಯಿತು. ನನಗೆ ಒಂದೇ ಧೈರ್ಯ: ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇದೆಯಲ್ಲ. ಕಾಲು ಮುರಿದವರ ಕಡೆ ವಕೀಲರು ಪಾಲಿಸಿಯನ್ನು ನನ್ನ ಮುಂದೆ ಇಟ್ಟು "ಇದರಾಗ ಟ್ರೇಲರ್ ಎಲ್ಲೈತಿ, ತೋರಸ್ರಿ" ಅಂದರು. ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಅನ್ನೋದು ಎಂಜಿನ್ ಇಲ್ಲದಿದ್ದರೂ ಬೇರೆಯೇ ಒಂದು ವಾಹನ. ಅದಕ್ಕೆ ತನ್ನದೇ ನೋಂದಣಿ, ತನ್ನದೇ ನಂಬರ್. ಆ ನಂಬರ್ ಟ್ರೇಲರ್‌ನ ಪಕ್ಕದಲ್ಲಿರಬೇಕು, ಹಿಂಬದಿಯಲ್ಲಿ ಅದನ್ನು ಎಳೆಯುವ ಟ್ರ್ಯಾಕ್ಟರ್‌ನ ನಂಬರ್ ಇರಬೇಕು. ಟ್ರ್ಯಾಕ್ಟರ್ ಪಾಲಿಸಿಯಲ್ಲಿ ಟ್ರೇಲರ್‌ಗೂ ಪ್ರೀಮಿಯಂ ಕಟ್ಟಿ ಅದನ್ನು ಬರೆಸಿರಬೇಕು. ನಂಬರೇ ಇಲ್ಲದ ಟ್ರೇಲರನ್ನು ಏನಂತ ಬರೆಸುತ್ತೀರಿ? ಕೊನೆಗೆ ರಾಜಿಯಾಗಿ 3,40,000 ರೂಪಾಯಿ ಕೈಯಿಂದಲೇ ಕೊಟ್ಟೆ. ಎರಡು ಸುಗ್ಗಿಯ ದುಡಿಮೆ ಅದಕ್ಕೇ ಹೋಯಿತು. ಕಾಗದ ಇಲ್ಲದ್ದಕ್ಕೆ ಆ ಟ್ರೇಲರ್‌ನಲ್ಲಿ ನನಗೆ ಉಳಿದಿದ್ದು 45 ಸಾವಿರ.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಪೊಲೀಸರು ಹಿಡಿದರೆ ದಂಡ ಕಟ್ಟಿ ಮನೆಗೆ ಬರಬಹುದು, ಅದು ಒಳ್ಳೆಯ ದಿನ. ಅವರು ಹಿಡಿಯದೇ ಬಿಟ್ಟ ರಾತ್ರಿಯೇ ನನಗೆ ಹೀಗಾಗಿದ್ದು.

"ಬರೀ ಒಕ್ಕಲುತನಕ್ಕೆ" ಅನ್ನೋ ಮಾತನ್ನೂ ಜಾಸ್ತಿ ನಂಬಬೇಡಿ. ಇವತ್ತು ಕಡಲೆ ಚೀಲ, ನಾಳೆ ಯಾರೋ ಬೀಗರು ಮನೆ ಕಟ್ಟಿಸುತ್ತಾರೆ, ಎರಡು ಟ್ರಿಪ್ ಇಟ್ಟಿಗೆ ಹಾಕಿಕೊಡು ಅನ್ನುತ್ತಾರೆ. ಹಳ್ಳಿಯಲ್ಲಿ ಇಲ್ಲ ಅನ್ನೋಕಾಗುತ್ತಾ? 2007ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಕೇಸು ಇಂಥದ್ದೇ. ಟ್ರ್ಯಾಕ್ಟರ್ ಪಾಲಿಸಿ ಒಕ್ಕಲುತನಕ್ಕೆ, ಕೆಲಸ ಇಟ್ಟಿಗೆ ಭಟ್ಟಿಯ ಮಣ್ಣಿನದು, ಪೆಟ್ಟಾದದ್ದು ಕೂಲಿಯವನಿಗೆ. ಇನ್ಶೂರೆನ್ಸ್ ಕಂಪನಿ ಹೊಣೆಯಲ್ಲ ಅಂತ ಕೋರ್ಟ್ ಹೇಳಿತು. ಆ ಬಡವನಿಗೆ ಮೊದಲು ಕಂಪನಿಯೇ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂದಿತು. ಕೊನೆಗೆ ಬರೋದು ಮಾಲೀಕನ ಮನೆ ಬಾಗಿಲಿಗೇ. ಟ್ರೇಲರ್‌ನಲ್ಲಿ ಜನರನ್ನು ಕೂರಿಸಿಕೊಂಡು ಜಾತ್ರೆಗೆ, ಮದುವೆಗೆ ಹೋಗುವವರಿಗೂ ಇದೇ ಮಾತು. ನನ್ನ ತಮ್ಮ ಈಗ ನನ್ನ ಹಿಂದೆ ಬೈಕಿನಲ್ಲಿ ಬರುತ್ತಾನೆ.

ಲೈಸೆನ್ಸ್ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ತಲೆ ಕೆಡಿಸಿಕೊಳ್ಳಬೇಕಾದ್ದು ಲೋಡಿಗೆ. 2019ರ ತಿದ್ದುಪಡಿ ಬಂದ ಮೇಲೆ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2,000. ನಿಮ್ಮ ಕಡಲೆ ನನ್ನ ಮೆಣಸಿನಕಾಯಿ ಹಾಗಲ್ಲ, ಅರ್ಧ ಟ್ರೇಲರ್ ತುಂಬುವಷ್ಟರಲ್ಲೇ ತೂಕ ಬಂದುಬಿಟ್ಟಿರುತ್ತದೆ. ಕಣ್ಣಳತೆಗೆ ಹೇರಬೇಡಿ.

ಇನ್ನೊಂದು, ಇದನ್ನು ನಮ್ಮ ಕಡೆ ಅರ್ಧ ಜನ ಮಾಡುವುದಿಲ್ಲ. ಟ್ರ್ಯಾಕ್ಟರ್‌ಗೆ ಬ್ರೇಕ್ ಪೆಡಲ್ ಎರಡು, ಹಿಂದಿನ ಎಡ ಚಕ್ರಕ್ಕೆ ಒಂದು, ಬಲ ಚಕ್ರಕ್ಕೆ ಒಂದು. ಹೊಲದಲ್ಲಿ ಸಾಲು ತಿರುಗಿಸಲು ಬೇರೆ ಬೇರೆ ಬೇಕು. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಚಿಲಕ ಹಾಕಬೇಕು. ಹಾಕದೆ ಗಾಬರಿಯಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಟ್ರೇಲರ್ ಅದನ್ನೇ ನೂಕಿಕೊಂಡು ಬರುತ್ತದೆ.

ಈಗ ನಾನು ಕಾಗದ ಇರುವ ಟ್ರೇಲರನ್ನೇ ತೆಗೆದುಕೊಂಡಿದ್ದೇನೆ. ಪಿನ್ನು, ಕ್ಲಿಪ್ಪಿನ ಜೊತೆಗೆ ದಪ್ಪ ಸರಪಳಿ ಹಾಕಿದ್ದೇನೆ, ರಿಂಗು ಕಳಚಿದರೂ ಟ್ರೇಲರ್ ಬಿಟ್ಟುಹೋಗದ ಹಾಗೆ. ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ್ದೇನೆ. ಲೈಟಿನ ವೈರು ಇಲಿ ಕಡಿದಿರಬಹುದು, ಪಟ್ಟಿಯನ್ನು ಕಡಿಯುವುದಿಲ್ಲ. ಗದಗ ರಸ್ತೆಯಲ್ಲಿ ಪಂಕ್ಚರ್ ಆಗಿ ಕತ್ತಲಲ್ಲಿ ನಿಂತ ಟ್ರೇಲರ್ ಹಿಂದಿನಿಂದ ಬರುವವರಿಗೆ ಗೋಡೆ ಇದ್ದ ಹಾಗೆ, ನಿಮಗೂ ಗೊತ್ತಿರುತ್ತದೆ.

ಲಕ್ಷ್ಮೇಶ್ವರದವರಿಗೆ ಫೋನ್ ಮಾಡಿ, ಹಳೆಯ ಆರ್‌ಸಿ ಎಲ್ಲಿ ಅಂತ ಕೇಳಿ. ಕಳೆದಿದೆ ಅಂದರೆ ಅವರೇ ಆರ್‌ಟಿಒದಲ್ಲಿ ನಕಲು ಮಾಡಿಸಿ ನಿಮ್ಮ ಹೆಸರಿಗೆ ವರ್ಗ ಮಾಡಿಕೊಡಲಿ, ದುಡ್ಡು ಆಮೇಲೆ. ಮೊದಲಿನಿಂದಲೂ ಇಲ್ಲ ಅಂದರೆ ನೋಡಲು ಹೋಗಲೇಬೇಡಿ, ಬಸ್ ಚಾರ್ಜ್ ದಂಡ. ಆರ್‌ಸಿ ಇದ್ದು ಹೋದರೆ ಟಾರ್ಚ್ ತೆಗೆದುಕೊಂಡು ಹೋಗಿ. ಹೊಸ ಪೇಂಟ್ ನೋಡಬೇಡಿ, ಮೂತಿಯ ರಿಂಗಿನೊಳಗೆ ಬೆರಳು ಹಾಕಿ ಸುತ್ತ ಸವರಿ. ತೂತು ಗುಂಡಗಿರದೆ ಮೊಟ್ಟೆ ಆಕಾರಕ್ಕೆ ಸವೆದಿದ್ದರೆ ಹೊಸ ರಿಂಗು ಹಾಕಿಸುವ ಖರ್ಚು ಹಿಡಿದು ರೇಟು ಮಾತಾಡಿ.