20 ಹೋಲ್‌ಗೆ ಕೆ19 ಯಾಕೆ?

ಪ್ರಶ್ನೆ: ಸರ್, ನಾನು ಬೈಕಂಪಾಡಿಯ ಒಂದು ವರ್ಕ್‌ಶಾಪ್‌ನಲ್ಲಿ ವಿಎಂಸಿ (ಪ್ರೋಗ್ರಾಂ ಬರೆದು ನಡೆಸುವ ಮಿಲ್ಲಿಂಗ್ ಮೆಷಿನ್) ಆಪರೇಟರ್. ಮೆಷಿನ್‌ಗೆ ಫ್ಯಾನಕ್ ಕಂಪನಿಯ ಕಂಟ್ರೋಲ್ ಇದೆ. 515 ಮಿ.ಮೀ. ಉದ್ದ, 10 ಮಿ.ಮೀ. ದಪ್ಪದ ಪ್ಲೇಟಿಗೆ ಒಂದೇ ಸಾಲಿನಲ್ಲಿ 8 ಮಿ.ಮೀ.ನ 20 ಹೋಲ್ ಬೇಕು. ಪಿಚ್ (ಹೋಲ್‌ನಿಂದ ಹೋಲ್‌ಗೆ ಅಂತರ) 25, ಮೊದಲ ಹೋಲ್ ಎಕ್ಸ್20ರಲ್ಲಿ. ಇಷ್ಟು ದಿನ 20 ಲೈನ್ ಟೈಪ್ ಮಾಡುತ್ತಿದ್ದೆ. ಕೆ (ಎಷ್ಟು ಸಲ ಮಾಡಬೇಕು ಎನ್ನುವ ಸಂಖ್ಯೆ) ಕೊಟ್ಟರೆ ಒಂದೇ ಲೈನ್ ಸಾಕು ಅಂತ ಗೊತ್ತಾಗಿ ಕೆ20 ಹಾಕಿದೆ. 21ನೇ ಹೋಲ್‌ಗೆ ಹೋದ ಡ್ರಿಲ್ ಪಕ್ಕದ ಸ್ಟಾಪರ್‌ಗೆ ಬಡಿದು ತುಂಡಾಯಿತು. ತಪ್ಪಿದ್ದೆಲ್ಲಿ?

ಉತ್ತರ: ನೀವು ಹಿಡಿದ ದಾರಿ ಸರಿಯಾಗಿಯೇ ಇದೆ, ಎಣಿಕೆಯಲ್ಲಿ ಮಾತ್ರ ಒಂದು ಹೆಚ್ಚಾಯಿತು. ತೋಟದಲ್ಲಿ ಹಗ್ಗ ಕಟ್ಟಿ ಅಡಿಕೆ ಸಸಿ ನೆಡುವುದನ್ನು ನೋಡಿದ್ದೀರಲ್ವಾ? ಸಾಲಿಗೆ 20 ಸಸಿ ಅಂದರೆ ನಡುವೆ 19 ಅಂತರ. ಮೊದಲ ಹೋಲ್ ಆಗಲೇ ಬಿದ್ದಿರುತ್ತದೆ. ಕೆ ಎಣಿಸುವುದು ಅದರ ನಂತರದ ಹೆಜ್ಜೆಗಳನ್ನು.

ಹೀಗೆ ಬರೆಯಿರಿ:

ಜಿ90 ಜಿ99 ಜಿ81 ಎಕ್ಸ್20. ವೈ30. ಝಡ್-13. ಆರ್2. ಎಫ್120
ಜಿ91 ಎಕ್ಸ್25. ಕೆ19
ಜಿ90 ಜಿ80

ಜಿ81 ಡ್ರಿಲ್ ಮಾಡುವ ಸೈಕಲ್, ಜಿ80 ಅದನ್ನು ನಿಲ್ಲಿಸುತ್ತದೆ. ಜಿ90ಯಲ್ಲಿ ಅಳತೆ ಜಾಬ್‌ನ ಸೊನ್ನೆ ಬಿಂದುವಿನಿಂದ, ಜಿ91ರಲ್ಲಿ (ಇನ್‌ಕ್ರಿಮೆಂಟಲ್) ಟೂಲ್ ಈಗ ಇರುವ ಜಾಗದಿಂದ. ಎಕ್ಸ್, ವೈ ಹೋಲ್‌ನ ಜಾಗ, ಝಡ್ ಆಳ, ಆರ್ ಪ್ಲೇಟಿನ ಮೇಲೆ ಡ್ರಿಲ್ ಕೊರೆಯಲು ಶುರು ಮಾಡುವ ಎತ್ತರ, ಎಫ್ ಫೀಡ್ ಅಂದರೆ ಡ್ರಿಲ್ ಇಳಿಯುವ ವೇಗ. ವೈ ಮತ್ತು ಫೀಡ್ ನಿಮ್ಮ ಜಾಬ್‌ಗೆ ತಕ್ಕಂತೆ ಬದಲಿಸಿಕೊಳ್ಳಿ. ಜಿ91ನ್ನು ಎರಡನೇ ಲೈನ್‌ನಲ್ಲೇ ಕೊಡಿ. ಜಿ81 ಇರುವ ಲೈನಿನಲ್ಲೇ ಜಿ91 ಸೇರಿಸಿದರೆ ಝಡ್, ಆರ್ ಕೂಡ ಇನ್‌ಕ್ರಿಮೆಂಟಲ್ ಆಗುತ್ತವೆ. ಆಗ ಆಳದ ಲೆಕ್ಕವೇ ಬೇರೆ. ಜಿ91 ಬಿಟ್ಟು ಬರೀ ಕೆ19 ಕೊಟ್ಟರೆ ಡ್ರಿಲ್ ಎಕ್ಸ್25ಕ್ಕೆ ಹೋಗಿ ಅದೇ ಜಾಗದಲ್ಲಿ 19 ಸಲ ಹೊಡೆಯುತ್ತದೆ.

ಕೊನೆಯ ಲೈನಿನ ಜಿ90 ಮರೆಯಲೇಬೇಡಿ. ಮರೆತರೆ ಮುಂದಿನ ಟೂಲ್ ಎಕ್ಸ್20ಕ್ಕೆ ಹೋಗುವ ಬದಲು, ತಾನು ಇದ್ದ ಜಾಗದಿಂದ 20 ಮಿ.ಮೀ. ಸರಿಯುತ್ತದೆ. ಝಡ್ ಕೂಡ ಹಾಗೆಯೇ. ಡ್ರಿಲ್ ಹೋದರೆ ಇನ್ನೊಂದು ತರಬಹುದು, ಸ್ಪಿಂಡಲ್‌ಗೆ ಪೆಟ್ಟಾದರೆ ಮೆಷಿನ್ ಎಷ್ಟೋ ದಿನ ನಿಲ್ಲುತ್ತದೆ.

ಪಿಚ್ ಸರಿಯಾಗಿ ಭಾಗವಾಗದಿದ್ದರೆ ಇನ್ನೊಂದು ತೊಂದರೆ. 500 ಮಿ.ಮೀ.ನಲ್ಲಿ 15 ಅಂತರ ಇದೆ ಅಂದುಕೊಳ್ಳಿ. 33.3 ಅಂತ ಕೊಟ್ಟರೆ ಕೊನೆಯ ಹೋಲ್ 499.5ಕ್ಕೆ ಬೀಳುತ್ತದೆ. ಅರ್ಧ ಮಿ.ಮೀ. ಹೋಯಿತು! 33.333 ಕೊಡಿ, ವ್ಯತ್ಯಾಸ 5 ಮೈಕ್ರಾನ್‌ಗೆ (0.005 ಮಿ.ಮೀ.) ಇಳಿಯುತ್ತದೆ. ಅದೂ ಆಗದು ಎನ್ನುವಷ್ಟು ಬಿಗಿಯಾದ ಟಾಲರೆನ್ಸ್ (ಬಿಡಬಹುದಾದ ವ್ಯತ್ಯಾಸ) ಇದ್ದರೆ, ಪ್ರತಿ ಹೋಲನ್ನೂ ಜಿ90ಯಲ್ಲೇ ಬರೆಯಿರಿ. ಸಾಲು ಓರೆಯಾಗಿದ್ದರೆ ಎಕ್ಸ್, ವೈ ಎರಡನ್ನೂ ಕೊಟ್ಟರಾಯಿತು. 30 ಡಿಗ್ರಿ, 20 ಪಿಚ್ ಆದರೆ ಎಕ್ಸ್17.321 ವೈ10.

ಸಾಲಿನ ನಡುವೆ ಕ್ಲ್ಯಾಂಪ್ ಇದೆಯಾ ನೋಡಿ. ಜಿ99ರಲ್ಲಿ ಡ್ರಿಲ್ ಮೇಲೆ ಬರುವುದು ಪ್ಲೇಟಿಗಿಂತ 2 ಮಿ.ಮೀ. ಅಷ್ಟೇ. ಜಿ98 ಹಾಕಿದರೆ ಸೈಕಲ್ ಶುರುವಾದಾಗಿನ ಎತ್ತರಕ್ಕೆ ಬರುತ್ತದೆ. ಆ ಎತ್ತರ ಕ್ಲ್ಯಾಂಪ್‌ಗಿಂತ ಮೇಲಿರಬೇಕು. ಸಮಯ ಸ್ವಲ್ಪ ಜಾಸ್ತಿ ಹೋದರೂ ಹೋಗಲಿ.

ಹ್ಯಾಸ್ ಕಂಪನಿಯ ಮೆಷಿನ್‌ನಲ್ಲಿ ಕೆ ಬದಲು ಎಲ್ ಬರೆಯಬೇಕು. ಸ್ಲಾಟ್‌ನಂಥ ಕೆಲಸ ಸಾಲಾಗಿ ಬಂದರೆ ಸಬ್‌ಪ್ರೋಗ್ರಾಂ (ಬೇರೆಯಾಗಿ ಬರೆದಿಟ್ಟ ಚಿಕ್ಕ ಪ್ರೋಗ್ರಾಂ) ಮಾಡಿ ಎಂ98ರಿಂದ ಕರೆಯಿರಿ.

ಈ ಸಲ ಮೊದಲು ಝಡ್ ಆಫ್‌ಸೆಟ್ (ಝಡ್‌ನ ಸೊನ್ನೆ ಎತ್ತರ) 50 ಮಿ.ಮೀ. ಎತ್ತರಿಸಿ, ಸಿಂಗಲ್ ಬ್ಲಾಕ್‌ನಲ್ಲಿ (ಒಂದೊಂದೇ ಹೆಜ್ಜೆಗೆ ನಿಲ್ಲುವ ಮೋಡ್) ಗಾಳಿಯಲ್ಲೇ ಒಮ್ಮೆ ಓಡಿಸಿ. ಕೊನೆಯ ಹೋಲ್ ಮೇಲೆ ನಿಂತಾಗ ಸ್ಕ್ರೀನ್‌ನಲ್ಲಿ ಎಕ್ಸ್ 495 ತೋರಿಸಬೇಕು. 520 ತೋರಿಸಿದರೆ ಕೆ ಇನ್ನೂ 20ರಲ್ಲೇ ಇದೆ.