ಉತ್ತರ ಕರ್ನಾಟಕದ ಜನಪದ ವಾದ್ಯಮೇಳ ಕರಡಿ ಮಜಲು ಕೇಳಿದರೆ ಕೂತಲ್ಲೇ ಕಾಲು ಕುಣಿಯುವುದು, ಮೈ ಜುಮ್ಮೆನ್ನುವುದು ಯಾಕೆ?

ನಮ್ಮ ಮಿದುಳು ತಾಳವನ್ನು ಸುಮ್ನೆ ಕೇಳುವುದಿಲ್ಲ. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಕೈಕಾಲು ಆಡಿಸುವ ಭಾಗಗಳೂ ಸೇರಿರುತ್ತವೆ. ಅದಕ್ಕೇ ನೀವು ಅಲುಗದೆ ಕೂತಿದ್ದರೂ ಒಳಗೆ ಅರ್ಧ ಕುಣಿತ ಶುರುವಾಗಿರುತ್ತದೆ.

ಮೈ ಜುಮ್ಮೆನ್ನುವುದೂ ಈ ಕಾಯುವಿಕೆಯಿಂದಲೇ. ಬಾಗಲಕೋಟೆ ಕಡೆಯ ಜಾತ್ರೆಯಲ್ಲಿ ಮಜಲಿನ ಹತ್ತಿರ ನಿಂತು ಗಮನಿಸಿ. ಶಹನಾಯಿ ಒಂದು ಸ್ವರವನ್ನು ಎಳೆದು ಹಿಡಿಯುತ್ತದೆ. ಕರಡಿ ಎಂಬ ಚರ್ಮವಾದ್ಯ ಬಾರಿಸುವವರು ಮೊಣಕಾಲು ಬಗ್ಗಿಸಿ ಒಂದು ಕ್ಷಣ ಕೈ ತಡೆಯುತ್ತಾರೆ. ಸುತ್ತ ನಿಂತವರ ಉಸಿರೂ ನಿಂತಂತಾಗುತ್ತದೆ. ಆಮೇಲೆ ಕರಡಿ, ತಾಳ ಎಲ್ಲ ಒಟ್ಟಿಗೆ ಬೀಳುತ್ತವೆ ನೋಡಿ, ಆಗಲೇ ಕೈ ಮೇಲಿನ ಕೂದಲು ಎದ್ದು ನಿಲ್ಲುವುದು! ಡೋಪಮಿನ್ ಅಂತ ಒಂದಿದೆ, ಆಸೆ ಮತ್ತು ಖುಷಿಗೆ ಸಂಬಂಧಪಟ್ಟ ಮಿದುಳಿನ ರಾಸಾಯನಿಕ. ಇಷ್ಟದ ಸಂಗೀತ ಕೇಳುವಾಗ ಅದು ಆ ಘಳಿಗೆಯಲ್ಲಿ ಮಾತ್ರವಲ್ಲ, ಅದಕ್ಕೆ ಕಾಯುವಾಗಲೇ ಹೊಮ್ಮುತ್ತದೆ ಎಂದು 2011ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು.

ಅದೇ ಮಜಲನ್ನು ಮೊಬೈಲಿನಲ್ಲಿ ಕೇಳಿದರೆ ಅಷ್ಟು ಆಗುವುದಿಲ್ಲ, ಅಲ್ವಾ? ಕರಡಿಯ ದಪ್ಪ ಸದ್ದು ಎದುರಿಗೆ ನಿಂತಾಗ ಎದೆಗೂಡಿಗೇ ತಾಗುತ್ತದೆ. ಸಣ್ಣ ಸ್ಪೀಕರಿನಿಂದ ಆ ಸದ್ದು ಸರಿಯಾಗಿ ಹೊರಡುವುದೇ ಇಲ್ಲ.